ಕಾಣದೆ ಹೋದ ಕಡತಗಳು
1999ರ ಮೇ ತಿಂಗಳಲ್ಲಿ ಅಟ್ಲಾಂಟಾ ನಗರದಲ್ಲಿ ನೆರೆದ ಅರ್ಬುದರೋಗ ತಜ್ಞರ ಮಹಾಸಭೆಯಲ್ಲಿ, ಸ್ತನದ ಕ್ಯಾನ್ಸರಿಗೆ ಅತ್ಯುಗ್ರ ಪ್ರಮಾಣದ ಔಷಧವನ್ನು ಕೊಟ್ಟು, ಅದರಿಂದ ಬರಿದಾದ ಅಸ್ಥಿಮಜ್ಜೆಯನ್ನು ರೋಗಿಯಿಂದಲೇ ಮೊದಲು ತೆಗೆದಿರಿಸಿದ್ದ ಜೀವಕೋಶಗಳಿಂದ ಮರಳಿ ಚಿಗುರಿಸುವ ಚಿಕಿತ್ಸೆಯ ಫಲಾಫಲಗಳು ಮಂಡಿತವಾದಾಗ, ಮಿಕ್ಕ ಪರೀಕ್ಷೆಗಳು ನಿರಾಶೆಯನ್ನೇ ತಂದಿದ್ದರೂ, ದಕ್ಷಿಣ ಆಫ್ರಿಕದ ಡಾ. ವರ್ನರ್ ಬೆಜ್ವೋಡಾ ಅವರ ಅಂಕಿಗಳು ಮಾತ್ರ ವಿಜಯವನ್ನು ಸಾರಿದುವು. ಅದೇ ಚಿಕಿತ್ಸೆಯನ್ನು ತಮ್ಮಲ್ಲಿಯೂ ಪರೀಕ್ಷಿಸಬೇಕೆಂದಿದ್ದ ಅಮೆರಿಕದ ವಿದ್ವಾಂಸರು 2000ದ ಆರಂಭದಲ್ಲಿ ಜೋಹಾನ್ಸ್‌ಬರ್ಗಿಗೆ ಹೋಗಿ ಮೂಲದಾಖಲೆಗಳನ್ನು ಕೇಳಿದರು, ಅಷ್ಟೆ. ಪರೀಕ್ಷೆಗೆ ಒಳಗಾದ 154 ಮಂದಿಯ ಪೈಕಿ 58 ಮಂದಿಯ ಕಡತಗಳು ಮಾತ್ರ ಅವರ ಕೈಗೆ ಬಂದುವು, ಸಹಿಯಿದ್ದ ಸಮ್ಮತಿಪತ್ರ ಒಂದೂ ಕಾಣಲಿಲ್ಲ, ಇಂಥ ಪ್ರಯೋಗಕ್ಕೆ ಅನುಮತಿಯಿತ್ತ ದಾಖಲೆ ಬೆಜ್ವೋಡಾ ಅವರ ವಿಶ್ವವಿದ್ಯಾನಿಲಯದ ಸಮಿತಿಯಲ್ಲಿರಲಿಲ್ಲ, ಹೋಲಿಕೆಯ ಗುಂಪಿಗೆ ಕೊಟ್ಟ ಔಷಧವಂತೂ ಸಭೆಯಲ್ಲಿ ಹೇಳಿದ್ದೇ ಅಲ್ಲ. ಬೆಜ್ವೋಡಾ ತಪ್ಪೊಪ್ಪಿದರು, ಹುದ್ದೆಯನ್ನು ಕಳೆದುಕೊಂಡರು. ಆ ಭಾಗ ಬೇಗ ಮುಗಿಯಿತು. ನನ್ನನ್ನು ಹೆಚ್ಚು ಕಾಡುವುದು ಬೇರೆ: ಅಮೆರಿಕದ ಸ್ತ್ರೀಯರ ಮೇಲೆ ಈ ಚಿಕಿತ್ಸೆಯನ್ನು ಪ್ರಯೋಗಿಸುವ ಮುನ್ನ ಎಚ್ಚರ ಬೇಕೆಂದು ತೋರಿದ್ದರಿಂದಲ್ಲವೇ ಕಡತಗಳು ಹೊರಬಿದ್ದುದು? ಅದನ್ನು ಆಗಲೇ ಮೈಮೇಲೆ ಅನುಭವಿಸಿದ್ದ ಜೋಹಾನ್ಸ್‌ಬರ್ಗಿನ ಸ್ತ್ರೀಯರ ಪರವಾಗಿ ಅಷ್ಟು ವರ್ಷ ಯಾರೂ ಲೆಕ್ಕ ಕೇಳಿರಲಿಲ್ಲ. ಸಮ್ಮತಿಯನ್ನೇ ಕೇಳದವರಿಂದ ಲೆಕ್ಕವನ್ನು ಕೇಳುವ ಅಧಿಕಾರ ಆ ಸ್ತ್ರೀಯರಿಗೆಲ್ಲಿಂದ ಬರಬೇಕು! ಇನ್ನು ಇದೇ ವೈದ್ಯರು ಇಂಥದೇ ಚಿಕಿತ್ಸೆಯ ಕುರಿತು 1995ರಲ್ಲಿ ಪ್ರಕಟಿಸಿದ್ದ ಪ್ರಬಂಧವೊಂದುಂಟು. ಪತ್ರಿಕೆ ಅದನ್ನು ಹಿಂದೆಗೆದುಕೊಂಡದ್ದು 2001ರಲ್ಲಿ, ಅಮೆರಿಕದಲ್ಲಿಯೇ ಸಹಸ್ರಾರು ಸ್ತ್ರೀಯರು ಈ ದಾರುಣ ಚಿಕಿತ್ಸೆಗೆ ಮೈಯೊಡ್ಡಿಯಾದ ಮೇಲೆ.