ಸಣ್ಣ ನಿಲ್ದಾಣದಲ್ಲಿ ಮೂಟೆಗೂ ಜಾಗವಿರಲಿ

ಯಲಹಂಕದಿಂದ ಚಿಕ್ಕಬಳ್ಳಾಪುರದ ರೈಲು ಹತ್ತಿದರೆ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಎಂಬ ಸಣ್ಣ ನಿಲ್ದಾಣಗಳು ಒಂದಾದ ಮೇಲೊಂದು ಬರುತ್ತವೆ. ಕಲ್ಲಿನ ಗೋಡೆ, ಹೆಂಚಿನ ಮಾಡು. ಬಹಳ ಕಾಲ ಪಾಳು ಬಿದ್ದಿದ್ದ ಈ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಇಂಟ್ಯಾಕ್ ಸಂಸ್ಥೆಯವರು ಈಚಿನ ವರ್ಷಗಳಲ್ಲಿ ಕೈ ಹಾಕಿದ್ದಾರೆ. ಸಂತೋಷದ ವಿಷಯ. ಆದರೆ ಅವು ಬರೀ ನೋಡುವ ವಸ್ತುಗಳಾಗಿ ಉಳಿದರೆ ರೈತರಿಗೆ ಬಂದ ಲಾಭವೇನು?

ಈ ಹಳಿ ಬಂದದ್ದು 1915ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಹಳಿಗಳ ನಡುವೆ ಎರಡೂವರೆ ಅಡಿ ಅಂತರ, ಅಷ್ಟೆ. ಅದಕ್ಕೆ ಎರಡು ವರ್ಷ ಮೊದಲೇ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಅಂಥದೇ ಹಳಿ ಬಂದಿತ್ತು. 1916ರಲ್ಲಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಹಾದು ಎರಡೂ ಕೂಡಿಕೊಂಡವು. ಇವೆಲ್ಲ ಯಾವ ಊರುಗಳು? ರೇಷ್ಮೆಗೂಡು, ಆಲೂಗಡ್ಡೆ, ಮಾವು, ಹುಣಸೆಯ ಊರುಗಳು. ಕೆರೆ ಬಾವಿಗಳನ್ನೇ ನಂಬಿದ ಬಯಲುಸೀಮೆಯಲ್ಲಿ ಕಷ್ಟಪಟ್ಟು ಬೆಳೆದದ್ದು ಪೇಟೆ ಸೇರಿದರೆ ಮಾತ್ರ ಕಾಸು.

ಈ ರೈಲಿಗೆ ಹುಟ್ಟಿನಿಂದಲೇ ಒಂದು ಊನವಿತ್ತು. ಯಲಹಂಕದ ಮೇಲೆ ಹಾದು ಹಿಂದೂಪುರಕ್ಕೆ ಹೋಗುತ್ತಿದ್ದ ಹಳಿ ಮೀಟರ್ ಗೇಜು, ಇದು ನ್ಯಾರೋ ಗೇಜು. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡದು. ದೂರ ಹೋಗುವ ಮಾಲನ್ನು ಇಳಿಸಿ ಮತ್ತೆ ಹೇರಬೇಕಿತ್ತು. ದ್ರಾಕ್ಷಿ, ಟೊಮೆಟೊ ಇಂಥ ಎರಡೆರಡು ಹೇರಿಕೆ ತಡೆದಾವೆಯೇ? ಕೈ ಬದಲಾದಷ್ಟೂ ಹಣ್ಣು ಜಜ್ಜಿಹೋಗುತ್ತದೆ. ಲಾರಿ ತೋಟದ ಬದುವಿಗೇ ಬಂದು ನಿಂತಾಗ ರೈತ ಅದರ ಕಡೆ ತಿರುಗಿದ್ದರಲ್ಲಿ ತಪ್ಪಿಲ್ಲ. ನಮ್ಮ ಅಜ್ಜಿ ಮಾತ್ರ ಕೊನೆಯವರೆಗೂ ಆ ಪುಟ್ಟ ರೈಲನ್ನೇ ಹೊಗಳುತ್ತಿದ್ದರು. ಅದು ನಿಧಾನವಾಗಿ ಹೋಗುತ್ತಿದ್ದುದೂ ಅವರಿಗೆ ಒಂದು ಗುಣವೇ!

ಈಗ ಆ ಊನ ಇಲ್ಲ. ಚಿಕ್ಕಬಳ್ಳಾಪುರದವರೆಗೆ 1990ರ ದಶಕದಲ್ಲಿ, ಅಲ್ಲಿಂದ ಕೋಲಾರದವರೆಗೆ 2013ರಲ್ಲಿ ಬ್ರಾಡ್ ಗೇಜು ಆಯಿತು. 2021ರಲ್ಲಿ ಚಿಂತಾಮಣಿ ಕಡೆಯ ಮಾವು ಕಿಸಾನ್ ರೈಲಿನಲ್ಲಿ ದೆಹಲಿಗೆ ಹೋಯಿತು. ಅದೇ ವರ್ಷದ ಜನವರಿಯಲ್ಲಿ ವಿಮಾನ ಪ್ರಯಾಣಿಕರಿಗೆಂದು ಹೊಸ ಹಾಲ್ಟ್ ಒಂದು ತೆರೆಯಿತು. ಪೆಟ್ಟಿಗೆ ಹಿಡಿದವರಿಗೆ ನಿಲ್ಲುವ ರೈಲು ಮಂಕರಿ ಹೊತ್ತವರಿಗೂ ಅನುಕೂಲವಾಗಲಿ ಎಂಬುದಷ್ಟೇ ನನ್ನ ವಾದ.

ದೇವನಹಳ್ಳಿ ತಾಲ್ಲೂಕಿನ ಸೇವಂತಿಗೆ ಬೆಳೆಗಾರರೊಬ್ಬರು ಈಚೆಗೆ ನನಗೆ ತಮ್ಮ ಲೆಕ್ಕದ ಪುಸ್ತಕ ತೋರಿಸಿದರು. ಗೊಬ್ಬರದ ಖರ್ಚಿಗಿಂತ ಟೆಂಪೋ ಬಾಡಿಗೆಯೇ ಹೆಚ್ಚು. ನಾವು ಇಲಾಖೆಯವರು ತಳಿ, ಗೊಬ್ಬರ, ಔಷಧಿ ಎಂದು ಊರೂರು ಹೇಳುತ್ತೇವೆ, ಬಾಡಿಗೆಯ ಮಾತು ಎತ್ತುವುದೇ ಇಲ್ಲ. ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಜುಲೈನಲ್ಲಿ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ ಹೇಳಿತು. ಜಮೀನು ಉಳಿಸಿಕೊಂಡವರಿಗೆ ಬೇಸಾಯವೂ ಗಿಟ್ಟಬೇಕಲ್ಲ.

ಎರಡನೇ ದರ್ಜೆಯ ಟಿಕೆಟಿಗೆ 35 ಕಿಲೋ ಸಾಮಾನು ಉಚಿತ. ಆದರೆ ಅದು ಸ್ವಂತ ಸಾಮಾನಿಗೆ, ಮಾರುವ ಸರಕಿಗಲ್ಲ. ಮುಂಬಯಿಯ ಲೋಕಲ್ ರೈಲುಗಳಲ್ಲಿ, ಕೋಲ್ಕತ್ತದ ಸಿಯಾಲ್ದಾ ಕಡೆಯ ರೈಲುಗಳಲ್ಲಿ ತರಕಾರಿ ಮಾರುವವರಿಗೆಂದೇ ಬೇರೆ ಡಬ್ಬಿಗಳಿವೆ. ನಮಗೂ ಅಂಥದೊಂದು ಡಬ್ಬಿ ಬೇಕು. ಅದೂ ಬೆಳಕು ಹರಿಯುವ ಮೊದಲೇ ಬೆಂಗಳೂರು ಮುಟ್ಟುವ ರೈಲಿಗೆ. ಬಿಸಿಲೇರಿದ ಮೇಲೆ ಹೂವಿನ ಮೂಟೆ ಕೇಳುವವರಾರು? ಲಾರಿ ತುಂಬ ಮಾಲು ಇರುವ ದೊಡ್ಡ ಬೆಳೆಗಾರರಿಗೆ ಇದರ ಅಗತ್ಯವಿಲ್ಲ. ಎರಡು ಮೂರು ಮೂಟೆಯವರಿಗೆ ಇದೆ.

ರೈತ ಉತ್ಪಾದಕರ ಸಂಘಗಳು ಪಂಚಾಯಿತಿ ನಿರ್ಣಯ ಮಾಡಿಸಿ ಬೆಂಗಳೂರಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಮನವಿ ಕಳಿಸಬಹುದು. ಅಂಕಿ ಇಲ್ಲದ ಮನವಿ ಕಡತದಲ್ಲೇ ಮಲಗುತ್ತದೆ. ಯಾವ ನಿಲ್ದಾಣ, ಯಾವ ಬೆಳೆ, ಯಾವ ತಿಂಗಳು, ದಿನಕ್ಕೆ ಎಷ್ಟು ಮೂಟೆ ಎಂದು ಬರೆಯಿರಿ. ವಾರಕ್ಕೆ ಎರಡೇ ದಿನ ಮಾಲು ಇದ್ದರೆ ಎರಡೇ ದಿನ ಎಂದು ಬರೆಯಿರಿ, ಏಳು ದಿನ ಎನ್ನಬೇಡಿ.