ಪತ್ತನಾಜೆಗೆ ಮೊದಲು ಆಗಬೇಕಾದ ಕೆಲಸ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ಅಧ್ಯಾಪಕರಾದ ನಾವು ಮಕ್ಕಳಿಗೆ ವರ್ಷವೂ ಕಲಿಸುತ್ತೇವೆ. ಗಾದೆ ಹೇಳದ ಇನ್ನೊಂದು ಸಂಗತಿಯೂ ಇದೆ. ಬಾವಿ ಇದ್ದರೂ ಹಗ್ಗ ಒಬ್ಬರ ಮನೆಯಲ್ಲಿ, ಕೊಡಪಾನ ಇನ್ನೊಬ್ಬರ ಮನೆಯಲ್ಲಿ, ರಾಟೆ ಮತ್ತೊಬ್ಬರ ಮನೆಯಲ್ಲಿ ಇದ್ದರೆ ಬೆಂಕಿ ಆರುವುದಿಲ್ಲ. ಕಾಸರಗೋಡು ಜಿಲ್ಲೆಯ ವಿಪತ್ತು ಸಿದ್ಧತೆಯ ಸ್ಥಿತಿ ಹೆಚ್ಚುಕಡಿಮೆ ಹೀಗೆಯೇ ಇದೆ.

ತರಬೇತಿಯೇ ಇಲ್ಲವೆಂದು ನಾವು ದೂರುವುದಿಲ್ಲ. ಅಗ್ನಿಶಾಮಕ ದಳದವರು ಸಿವಿಲ್ ಡಿಫೆನ್ಸ್ ಸ್ವಯಂಸೇವಕರನ್ನು ತಯಾರು ಮಾಡುತ್ತಾರೆ. ಆರೋಗ್ಯ ಕೇಂದ್ರದವರು ಪ್ರಥಮ ಚಿಕಿತ್ಸೆ ಕಲಿಸುತ್ತಾರೆ. ಶಾಲೆಗಳಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಅಂಗಳಕ್ಕೆ ಕರೆತರುವ ಅಭ್ಯಾಸವೂ ಆಗಾಗ ನಡೆಯುತ್ತದೆ. 2025ರ ಮೇ 7ರಂದು ದೇಶದಾದ್ಯಂತ ನಡೆದ ಅಣಕು ಕಾರ್ಯಾಚರಣೆ ಕೇರಳದ 14 ಜಿಲ್ಲೆಗಳಲ್ಲೂ ಜರಗಿತು. ಆದರೆ ನಾವು ಕಂಡ ಮಟ್ಟಿಗೆ, ಒಂದು ಇಲಾಖೆಯ ತರಬೇತಿಗೆ ಇನ್ನೊಂದು ಇಲಾಖೆಯವರು ಬಂದರೆ ಅತಿಥಿಗಳಾಗಿ ವೇದಿಕೆಯಲ್ಲಿ ಕುಳಿತುಕೊಳ್ಳುತ್ತಾರೆಯೇ ಹೊರತು ಅಂಗಳಕ್ಕೆ ಇಳಿದು ಜತೆಗೂಡಿ ಕೆಲಸ ಮಾಡುವುದು ಅಪರೂಪ.

ಆಟಿಯ ಗಾಳಿಮಳೆಗೆ ಒಂದು ಮರ ವಿದ್ಯುತ್ ತಂತಿಯನ್ನೂ ಎಳೆದುಕೊಂಡು ರಸ್ತೆಗೆ ಅಡ್ಡ ಬಿತ್ತೆಂದು ಭಾವಿಸೋಣ. ವಿದ್ಯುತ್ ಮಂಡಳಿಯವರು ಲೈನು ಕಡಿಯದೆ ಅಗ್ನಿಶಾಮಕ ದಳ ಗರಗಸ ಹಾಕುವಂತಿಲ್ಲ. ಮರ ತೆಗೆಯದೆ ಆಂಬುಲೆನ್ಸ್ ದಾಟುವಂತಿಲ್ಲ. ಪೊಲೀಸರು ವಾಹನಗಳನ್ನು ತಡೆಯದೆ ಯಾರೂ ಹತ್ತಿರ ಹೋಗುವಂತಿಲ್ಲ. ಅದೇ ರಾತ್ರಿ ತೋಡು ಉಕ್ಕಿ ಹತ್ತು ಮನೆಯವರನ್ನು ಶಾಲೆಗೆ ಸಾಗಿಸಬೇಕಾದರೆ, ಶಿಬಿರ ತೆರೆಯುವವರು ಗ್ರಾಮಾಧಿಕಾರಿ, ನೀರು ಮತ್ತು ಶೌಚದ ಹೊಣೆ ಪಂಚಾಯತಿನದು, ರೋಗಿಗಳ ಹೊಣೆ ಆರೋಗ್ಯ ಕೇಂದ್ರದ್ದು. ಶಾಲೆಯ ಬೀಗದ ಕೈ ಮಾತ್ರ ಮುಖ್ಯೋಪಾಧ್ಯಾಯರ ಮನೆಯಲ್ಲಿ! ಇವರೆಲ್ಲರೂ ಒಬ್ಬರನ್ನೊಬ್ಬರು ಮೊದಲ ಬಾರಿಗೆ ಕಾಣುವುದು ಆ ನಡುರಾತ್ರಿಯಲ್ಲೇ ಆಗಬಾರದಲ್ಲವೇ?

2024ರ ಅಕ್ಟೋಬರ್ 28ರ ನಡುರಾತ್ರಿ ನೀಲೇಶ್ವರದ ಕಳಿಯಾಟದಲ್ಲಿ ಸುಡುಮದ್ದಿನ ದಾಸ್ತಾನಿಗೆ ಬೆಂಕಿ ತಗಲಿ 150ಕ್ಕೂ ಮಿಕ್ಕಿ ಜನ ಗಾಯಗೊಂಡರು. ಕೆಲವರು ಆಮೇಲೆ ಅಸುನೀಗಿದರು. ಗಾಯಾಳುಗಳನ್ನು ಕಣ್ಣೂರು, ಮಂಗಳೂರುಗಳ ಆಸ್ಪತ್ರೆಗಳ ತನಕ ಕೊಂಡೊಯ್ಯಬೇಕಾಯಿತು. ಹಾಗೆಂದರೆ ನಮ್ಮ ಜಿಲ್ಲೆಯ ದುರಂತ ನಮ್ಮ ಜಿಲ್ಲೆಯೊಳಗೇ ಮುಗಿಯುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯದಿಂದ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿಗೆ ಹೊರಟ ರೋಗಿಗಳು ದಾರಿ ಕಾಣದೆ ಪ್ರಾಣ ಬಿಟ್ಟುದನ್ನು ಗಡಿನಾಡಿನವರು ಮರೆತಿಲ್ಲ. ಪ್ರಕರಣ ಕೇರಳ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಮುಟ್ಟಿದ ಬಳಿಕವೇ, ಏಪ್ರಿಲ್‌ನಲ್ಲಿ, ಎರಡು ರಾಜ್ಯಗಳು ಒಂದು ಒಪ್ಪಂದಕ್ಕೆ ಬಂದುವು. ಶಾಂತಿಕಾಲದಲ್ಲಿ ಒಂದು ಮಧ್ಯಾಹ್ನ ಕುಳಿತು ತೀರ್ಮಾನಿಸಬಹುದಾದ ಮಾತಿಗೆ ಅಷ್ಟು ಜೀವಗಳ ಬೆಲೆ ತೆರಬೇಕಾಯಿತು.

ಕಾನೂನಿನ ಕೊರತೆಯಂತೂ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವಿದೆ. ಅಧಿಕಾರಿಗಳ, ನೌಕರರ, ಸ್ವಯಂಸೇವಕರ ತರಬೇತಿಯನ್ನು ಏರ್ಪಡಿಸಿ ಸಮನ್ವಯಗೊಳಿಸುವುದು ಅದರ ಕರ್ತವ್ಯ. ತಮ್ಮ ನೌಕರರಿಗೆ ತರಬೇತಿ ದೊರೆಯುವಂತೆ ನೋಡಿಕೊಳ್ಳುವುದು ಸ್ಥಳೀಯಾಡಳಿತ ಸಂಸ್ಥೆಗಳ ಕರ್ತವ್ಯ. ಜನರಿಗೆ ಮುನ್ನೆಚ್ಚರಿಕೆ ತಲಪಿಸುವ ವ್ಯವಸ್ಥೆಯ ಹೊಣೆಯನ್ನೂ ಕಾಯಿದೆ ಜಿಲ್ಲಾ ಪ್ರಾಧಿಕಾರಕ್ಕೇ ವಹಿಸಿದೆ.

ತಲಪಿಸುವುದು ಎಂದೊಡನೆ ಭಾಷೆಯ ಮಾತು ಬಂದೇ ಬರುತ್ತದೆ. ಇದು ಅಭಿಮಾನದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಧ್ವನಿವರ್ಧಕದಲ್ಲಿ ‘ಉರುಳ್‌ಪೊಟ್ಟಲ್’ ಎಂದು ಕೂಗಿದರೆ ಗುಡ್ಡ ಜರಿಯುವ ಅಪಾಯವೆಂದು ಎಣ್ಮಕಜೆಯ ಅಥವಾ ಪೈವಳಿಕೆಯ ಅಜ್ಜಿಗೆ ಹೊಳೆಯಬೇಕೆಂದಿಲ್ಲ. ಉರುಳು ಎಂದರೆ ಆಕೆಗೆ ತಿಳಿದುದು ದೇವಸ್ಥಾನದ ಉರುಳುಸೇವೆ. ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಹಳದಿಯೆಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆ, ಕೆಂಪೆಂದರೆ 204.4 ಮಿಲಿಮೀಟರಿಗೂ ಮಿಕ್ಕಿದ ಮಳೆ, ಆಗ ಗುಡ್ಡದ ಬುಡದ ಮನೆಯಲ್ಲಿ ರಾತ್ರಿ ಕಳೆಯಬಾರದು ಎಂಬುದನ್ನು ಎಷ್ಟು ಮನೆಗಳಿಗೆ ಕನ್ನಡದಲ್ಲಿ ತಿಳಿಸಲಾಗಿದೆ? ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನೀಡಿದೆ. ಅರ್ಜಿಗೆ ಕನ್ನಡದಲ್ಲಿ ಉತ್ತರ ಬರಬೇಕಾದರೆ ಅಪಾಯದ ಕರೆ ಕನ್ನಡದಲ್ಲಿ ಬರಬಾರದೇಕೆ?

ಆದುದರಿಂದ ನಮ್ಮ ಸೂಚನೆ ಇಷ್ಟೇ. ವರ್ಷಕ್ಕೊಮ್ಮೆ, ಪತ್ತನಾಜೆಗೆ ಮೊದಲು, ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಪ್ರತಿ ಪಂಚಾಯತಿನಲ್ಲೂ ಎಲ್ಲ ಇಲಾಖೆಗಳ ಒಂದು ಕೂಡು ಅಭ್ಯಾಸ ನಡೆಯಲಿ. ಆಗ ಜಾತ್ರೆ, ಕೋಲಗಳ ಗೌಜಿ ಮುಗಿಯುತ್ತಾ ಬಂದಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ, ಶಾಲೆಗಳಿಗೂ ರಜೆ. ಶಾಲೆಯನ್ನು ನಿಜವಾಗಿಯೂ ಶಿಬಿರವಾಗಿ ತೆರೆದು ನೋಡಲಿ. ಕನ್ನಡ, ಮಲಯಾಳ ಎರಡರಲ್ಲೂ ಘೋಷಣೆ ಮಾಡಿ ಕೊನೆಯ ಮನೆಗೆ ಕೇಳಿಸಿತೇ ಎಂದು ವಿಚಾರಿಸಲಿ. ಗಡಿಯ ಮನೆಗಳಿಂದ 112, 108 ಸಂಖ್ಯೆಗಳಿಗೆ ಕರೆ ಮಾಡಿದರೆ ಅದು ಯಾವ ರಾಜ್ಯದ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಕನ್ನಡ ಬಲ್ಲವರು ಇದ್ದಾರೆಯೇ ಎಂಬುದನ್ನು ಪರೀಕ್ಷಿಸಲಿ. ದಕ್ಷಿಣ ಕನ್ನಡ ಜಿಲ್ಲೆಯ ಅಧಿಕಾರಿಗಳನ್ನೂ ಈ ಅಭ್ಯಾಸಕ್ಕೆ ಕರೆಯಲಿ. ಕಂಡ ಕುಂದುಕೊರತೆಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಇದಕ್ಕೆ ದೊಡ್ಡ ಮೊತ್ತದ ಹಣ ಬೇಕಾಗಿಲ್ಲ. ಒಂದು ಸುತ್ತೋಲೆ ಮತ್ತು ಒಂದು ಹಗಲು ಸಾಕು.

ಸರಕಾರಕ್ಕೆ ಹೇಳಿದಷ್ಟೇ ಸ್ಪಷ್ಟವಾಗಿ ನಮ್ಮವರಿಗೂ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ತರಬೇತಿ ಬೇಕೆಂದು ಕೇಳುವ ನಾವು, ತರಬೇತಿಗೆ ಜನ ಬೇಕೆಂದು ಕರೆದಾಗ ಮನೆಯಲ್ಲಿ ಕುಳಿತರೆ ಆ ಬೇಡಿಕೆಗೆ ಬೆಲೆಯಿಲ್ಲ. ಎರಡೂ ಭಾಷೆ ಬಲ್ಲ ತರುಣ ತರುಣಿಯರು ನಮ್ಮ ಮನೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರು ಸಿವಿಲ್ ಡಿಫೆನ್ಸಿಗೆ ಹೆಸರು ಕೊಡಲಿ. ಕುಟುಂಬಶ್ರೀಯ ಸಹೋದರಿಯರು, ಯುವಕ ಮಂಡಲದವರು ತಮ್ಮ ವಾರ್ಡಿನ ವೃದ್ಧರು, ಹಾಸಿಗೆ ಹಿಡಿದವರು, ತೋಡಿನಾಚೆಯ ಒಂಟಿ ಮನೆಗಳು ಇವುಗಳ ಪಟ್ಟಿ ತಯಾರಿಸಿಡಲಿ. ಶಿಬಿರದಲ್ಲಿ ದುಭಾಷಿಗಳಾಗಿ ನಿಲ್ಲಲು, ಕರಪತ್ರಗಳನ್ನು ಕನ್ನಡಕ್ಕೆ ತಿರುಗಿಸಿಕೊಡಲು ಅಧ್ಯಾಪಕರಾದ ನಾವು ಸಿದ್ಧರಿದ್ದೇವೆ.

ಮಳೆ ಭಾಷೆ ನೋಡಿ ಸುರಿಯುವುದಿಲ್ಲ. ಆದರೆ ಎಚ್ಚರಿಕೆ ಭಾಷೆಯ ಮೂಲಕವೇ ಬರಬೇಕು. ನಿಮ್ಮ ಪಂಚಾಯತಿನಲ್ಲಿ ಈ ಅಭ್ಯಾಸ ಯಾವ ದಿನ ಎಂದು ವಾಚಕರು ತಮ್ಮ ವಾರ್ಡು ಸದಸ್ಯರನ್ನು ಇಂದೇ ಕೇಳಬೇಕಾಗಿ ವಿನಂತಿ. ಜಿಲ್ಲಾಧಿಕಾರಿಗಳು ಆ ದಿನವನ್ನು ಮಳೆಗೆ ಮೊದಲೇ ಗೊತ್ತುಪಡಿಸುವರೆಂದು ನಂಬುತ್ತೇವೆ.