ದಂಡದ ಪ್ರಮಾಣ ಬೈಲಾದಲ್ಲಿರಲಿ

ಸಿಡ್ನಿಯ ದಿ ಪಾಂಡ್ಸ್‌ನಂಥ ಬಡಾವಣೆಗಳಲ್ಲಿ ನೆಲೆಸಿದ ಕನ್ನಡಿಗರು ಕಟ್ಟಿಕೊಳ್ಳುವ ಸಂಘಗಳು ಸಾಮಾನ್ಯವಾಗಿ ನ್ಯೂ ಸೌತ್ ವೇಲ್ಸ್ ರಾಜ್ಯದ 2009ರ ಸಂಘಗಳ ಕಾಯ್ದೆಯಡಿ ನೋಂದಣಿಯಾಗುತ್ತವೆ. ಆ ಕಾಯ್ದೆಯ ಜೊತೆಗಿರುವ ಮಾದರಿ ಬೈಲಾದ ಪ್ರಕಾರ, ನಿಯಮ ಪಾಲಿಸದ ಅಥವಾ ಸಂಘದ ಹಿತಕ್ಕೆ ಬೇಕೆಂದೇ ಧಕ್ಕೆ ತಂದ ಸದಸ್ಯನನ್ನು ಕಾರ್ಯಕಾರಿ ಸಮಿತಿಯು ಅಮಾನತುಗೊಳಿಸಬಹುದು ಇಲ್ಲವೇ ಹೊರಹಾಕಬಹುದು. ಅದಕ್ಕೆ ಮೊದಲು ಉತ್ತರ ಕೊಡಲು ಆತನಿಗೆ ಕನಿಷ್ಠ 14 ದಿನಗಳಿರಬೇಕು. ನಿರ್ಣಯದ ನೋಟಿಸು ತಲುಪಿದ 7 ದಿನಗಳೊಳಗೆ ಮೇಲ್ಮನವಿ ಸಲ್ಲಿಸಿದರೆ ಸರ್ವಸದಸ್ಯರ ಸಭೆಯು ಗುಪ್ತ ಮತದಾನದಿಂದ ಅದನ್ನು ತೀರ್ಮಾನಿಸುತ್ತದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾದ 2012ರ ಕಾಯ್ದೆಯೂ ಆರೋಪಿತ ಸದಸ್ಯನ ಮಾತು ಕೇಳಬೇಕೆಂದೂ ತೀರ್ಪು ಕೊಡುವವರು ಪಕ್ಷಪಾತವಿಲ್ಲದವರಾಗಿರಬೇಕೆಂದೂ ವಿಧಿಸುತ್ತದೆ. ಶಿಕ್ಷಿಸುವ ಕ್ರಮ ಹೀಗೆ ಸ್ಪಷ್ಟವಾಗಿದ್ದರೂ ಯಾವ ತಪ್ಪಿಗೆ ಎಷ್ಟು ಶಿಕ್ಷೆ ಎಂಬ ಪ್ರಶ್ನೆ ಸಮಿತಿಯ ವಿವೇಚನೆಗೇ ಉಳಿದಿದೆ.

ಕನ್ನಡ ನಾಡಿನ ಹಳೆಯ ಸಮುದಾಯಗಳು ಈ ಪ್ರಶ್ನೆಯನ್ನು ಕಲ್ಲಿನ ಮೇಲೆಯೇ ಬಗೆಹರಿಸಿದ್ದುಂಟು. ಇಂದಿನ ಗದಗ ಜಿಲ್ಲೆಯ ಕೋಟುಮಚಗಿಯಲ್ಲಿ ದೊರೆತ, ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ 1012ರ ಶಾಸನವು ಅಲ್ಲಿನ ಅಗ್ರಹಾರಕ್ಕೆ, ಅಂದರೆ ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟ ಊರಿಗೆ, ದಂಡಗಳನ್ನು ಗೊತ್ತುಮಾಡುತ್ತದೆ: ಬೈದವನಿಗೆ 2 ಪಣ, ಹೊಡೆದವನಿಗೆ 12 ಪಣ, ಕಠಾರಿ ಹಿರಿದವನಿಗೆ 3 ಗದ್ಯಾಣ, ಇರಿದವನಿಗೆ 12 ಗದ್ಯಾಣ. ಪಣವು ಸಣ್ಣ ನಾಣ್ಯ, ಗದ್ಯಾಣವು ಅದಕ್ಕಿಂತ ಬಹಳ ಬೆಲೆಯ ಚಿನ್ನದ ನಾಣ್ಯ. ಇಲ್ಲಿ ಮುಖ್ಯವಾದದ್ದು ಮೊತ್ತಕ್ಕಿಂತ ಮೆಟ್ಟಿಲು. ಮಾತಿನ ತಪ್ಪಿಗೂ ರಕ್ತ ಹರಿಸಿದ ತಪ್ಪಿಗೂ ನಡುವೆ ಎಷ್ಟು ದೂರವಿದೆಯೆಂಬುದು ದಂಡ ತೆರುವವನಿಗೂ ವಿಧಿಸುವವನಿಗೂ ಮೊದಲೇ ತಿಳಿದಿತ್ತು.

ಮಾದರಿ ಬೈಲಾದಲ್ಲಿ ಇಲ್ಲದ್ದು ಈ ಮೆಟ್ಟಿಲೇ. ಸಭೆಯಲ್ಲಿ ಒಬ್ಬರನ್ನು ಅವಮಾನಿಸಿದವನಿಗೂ ರಾಜ್ಯೋತ್ಸವದ ಲೆಕ್ಕದಲ್ಲಿ ಹಣ ತಿಂದವನಿಗೂ ಅದು ಹೇಳುವುದು ಅವೇ ಎರಡು ಶಿಕ್ಷೆಗಳನ್ನು. ಆದ್ದರಿಂದ ಸಮಿತಿಯು ಸಣ್ಣ ತಪ್ಪುಗಳನ್ನು ಕಂಡೂ ಕಾಣದಂತೆ ಬಿಟ್ಟು, ಅಸಮಾಧಾನ ಬೆಳೆದಾಗ ಒಮ್ಮೆಲೇ ಹೊರಹಾಕುವ ಅಪಾಯವಿದೆ. ಪರದೇಶದಲ್ಲಿ ಮಕ್ಕಳ ಕನ್ನಡ ತರಗತಿಯೂ ಹಬ್ಬದ ಊಟವೂ ಅದೇ ಸಂಘದಿಂದ ಸಿಗುವಾಗ ಹೊರಹಾಕಲ್ಪಡುವುದು ಇಡೀ ಕುಟುಂಬ.

ಪ್ರಮಾಣ ಪ್ರಕಟಿಸಿದರೆ ಜನರು ಅದನ್ನು ಬೆಲೆಯೆಂದು ಎಣಿಸುತ್ತಾರೆಂಬ ಆಕ್ಷೇಪಕ್ಕೆ ಆಧಾರವಿದೆ. ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ದಂಡ ಹಾಕಿದಾಗ ತಡ ಮಾಡುವವರು ಹೆಚ್ಚಿದರೆಂದು ಅರ್ಥಶಾಸ್ತ್ರಜ್ಞರಾದ ಗ್ನೀಜಿ ಮತ್ತು ರುಸ್ತಿಕಿನಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆದರೆ ಅದು ಹಣದ ದಂಡದ ದೋಷ. ಲಿಖಿತ ಎಚ್ಚರಿಕೆ, ಒಂದು ವರ್ಷ ಪದಾಧಿಕಾರಕ್ಕೆ ನಿರ್ಬಂಧ, ನಿಗದಿತ ಅವಧಿಯ ಅಮಾನತು, ಕೊನೆಗೆ ಉಚ್ಚಾಟನೆ ಎಂದು ಬರೆದಿಟ್ಟರೆ ಕೊಂಡುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಪಟ್ಟಿಯಲ್ಲಿಲ್ಲದ ಹೊಸ ತಪ್ಪಿಗೆ ಮೊದಲ ಸಲ ಎಚ್ಚರಿಕೆಯನ್ನಷ್ಟೇ ಕೊಡಬಹುದೆಂಬ ಮಿತಿಯೂ ಜೊತೆಗಿರಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಥ ತಿದ್ದುಪಡಿಗೆ 21 ದಿನಗಳ ನೋಟಿಸು ಮತ್ತು ಚಲಾಯಿತ ಮತಗಳ ಮುಕ್ಕಾಲು ಪಾಲು ಬೇಕು. ಯಾರ ಮೇಲೂ ದೂರಿಲ್ಲದ ವರ್ಷದಲ್ಲಿ ಅಷ್ಟು ಮತ ದೊರೆಯುವುದು ಸುಲಭ.